ಕುಟುಂಬದ ಮೊದಲ ವಿದೇಶ ಪ್ರವಾಸ: ಮೊದಲು ತಿಂಗಳು, ಆಮೇಲೆ ದೇಶ

ಬೆಂಗಳೂರಿನ ಹೆಚ್ಚಿನ ಮನೆಗಳಲ್ಲಿ ಮೊದಲ ವಿದೇಶ ಪ್ರವಾಸದ ಮಾತು ಒಂದು ದೇಶದ ಹೆಸರಿನಿಂದಲೇ ಶುರುವಾಗುತ್ತದೆ. ಪಕ್ಕದ ಮನೆಯವರು ಸಿಂಗಪುರಕ್ಕೆ ಹೋಗಿಬಂದಿರುತ್ತಾರೆ, ಆಫೀಸಿನಲ್ಲಿ ಯಾರೋ ಬಾಲಿಯ ಫೋಟೊ ತೋರಿಸಿರುತ್ತಾರೆ. ಎಲ್ಲಿಗೆ ಎಂಬುದು ಊಟದ ಹೊತ್ತಿಗೆ ತೀರ್ಮಾನವಾಗಿ, ಯಾವಾಗ ಎಂಬುದು ಟಿಕೆಟ್ಟಿನ ಬೆಲೆ ನೋಡಿದ ಮೇಲೆ ನಿರ್ಧಾರವಾಗುತ್ತದೆ. ನಾವೂ ಹಾಗೆಯೇ ಥಾಯ್ಲೆಂಡಿನ ಫುಕೆಟ್ ಎಂದುಕೊಂಡೆವು. ಟ್ರಾವೆಲ್ ಏಜೆಂಟರು ದಸರಾ ರಜೆಗೆ ಅಗ್ಗದ ಪ್ಯಾಕೇಜ್ ಇದೆ ಎಂದರು. ಅಗ್ಗವೇಕೆ ಎಂದು ಕೇಳುವ ಬುದ್ಧಿ ನಮಗೂ ಬರಲಿಲ್ಲ, ಹೇಳುವ ತೊಂದರೆಯನ್ನು ಅವರೂ ತೆಗೆದುಕೊಳ್ಳಲಿಲ್ಲ. ಸೆಪ್ಟೆಂಬರ್ ಕೊನೆಯ ವಾರ ನಾವು ಇಳಿದಾಗ ಅಲ್ಲಿ ಮಳೆಗಾಲದ ನಟ್ಟನಡುವೆ ಇತ್ತು. ಐದು ದಿನಗಳಲ್ಲಿ ಎರಡು ಬಾರಿ ದ್ವೀಪಕ್ಕೆ ಹೋಗುವ ದೋಣಿ ರದ್ದಾಯಿತು. ಮೂರನೆಯ ದಿನ ನಮ್ಮ ಅತ್ತೆಯವರು ಅಂಗಡಿಯಿಂದ ತಂದ ಪೊಟ್ಟಣದ ಸಿಹಿ ಹುಣಸೆಹಣ್ಣಿನ ಬೀಜಗಳನ್ನು ಬಾಲ್ಕನಿಯ ಕಲ್ಲಿಗೆ ಒಂದು ಮಗ್ಗುಲು ಬೆಳ್ಳಗಾಗುವಂತೆ ಉಜ್ಜಿ, ಹೋಟೆಲಿನ ಕಾಗದದ ಮೇಲೆ ಮನೆ ಬರೆದು, ಮಕ್ಕಳಿಗೆ ಚೌಕಾಬಾರ ಹೇಳಿಕೊಟ್ಟರು. ಆ ಪ್ರವಾಸದಲ್ಲಿ ಮಕ್ಕಳು ಇಂದಿಗೂ ನೆನೆಯುವುದು ಅದೊಂದನ್ನೇ.

ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮ ಇದಕ್ಕೆ ತಿರುಗುಮುರುಗಾದದ್ದು: ಮೊದಲು ಮನೆಯ ರಜೆ, ಆಮೇಲೆ ಆ ರಜೆಗೆ ಹೊಂದುವ ಹವೆ, ಅದಾದ ಮೇಲೆ ಮನೆಯವರ ಕಾಲು ಮತ್ತು ಹೊಟ್ಟೆ, ಕೊನೆಗೆ ಕಾಗದಪತ್ರ ಮತ್ತು ಹಣ. ಈ ನಾಲ್ಕು ಜರಡಿಗಳಲ್ಲಿ ಸೋಸಿದ ಮೇಲೆ ಎರಡು ಮೂರು ದೇಶಗಳಷ್ಟೇ ಉಳಿಯುತ್ತವೆ, ಆಯ್ಕೆ ಸುಲಭವಾಗುತ್ತದೆ.

ಮೊದಲ ಹೆಜ್ಜೆ: ಮನೆಯ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಇರುತ್ತದೆ, ದಸರೆಗೆ ಎರಡು ವಾರಕ್ಕೂ ಮೇಲ್ಪಟ್ಟು ಬಿಡುವು ಸಿಗುತ್ತದೆ. ಸಿಬಿಎಸ್‌ಇ ಮತ್ತು ಐಸಿಎಸ್‌ಇ ಶಾಲೆಗಳಲ್ಲಿ ಅನೇಕ ಕಡೆ ದಸರಾ ರಜೆ ಚಿಕ್ಕದು, ಕ್ರಿಸ್‌ಮಸ್ ರಜೆ ಅದಕ್ಕಿಂತ ದೊಡ್ಡದು. ಒಂದೇ ಮನೆಯ ಇಬ್ಬರು ಮಕ್ಕಳು ಎರಡು ಬಗೆಯ ಶಾಲೆಗಳಲ್ಲಿದ್ದರೆ ಎರಡೂ ರಜಾಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಇಬ್ಬರಿಗೂ ರಜೆ ಇರುವ ದಿನಗಳಿಗೆ ಮಾತ್ರ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿಯ ಮಕ್ಕಳಿರುವ ಮನೆಯವರು ಆ ವರ್ಷ ಈ ಯೋಚನೆಯನ್ನೇ ಮುಂದೂಡುವುದು ಒಳ್ಳೆಯದು. ಪರೀಕ್ಷೆ ಮುಗಿದರೂ ಸಿಇಟಿ, ಕೋಚಿಂಗ್, ಕಾಲೇಜು ಅರ್ಜಿಗಳು ರಜೆಯ ಹೊಟ್ಟೆಯನ್ನೇ ಕೊರೆದುಬಿಡುತ್ತವೆ.

ಶಾಲೆಯ ಗೆರೆಗಳ ಮೇಲೆ ಈಗ ಮನೆಯ ಗೆರೆಗಳನ್ನು ಎಳೆಯಬೇಕು. ಏಪ್ರಿಲ್ ಮತ್ತು ಮೇ ಎಂದರೆ ಮದುವೆ, ಉಪನಯನ, ಗೃಹಪ್ರವೇಶಗಳ ಕಾಲ. ಸ್ವಂತ ಅಣ್ಣನ ಮಗಳ ಮದುವೆಯನ್ನು ತಪ್ಪಿಸಿ ಬ್ಯಾಂಕಾಕಿಗೆ ಹೋದವರನ್ನು ಯಾವ ಬಂಧುವೂ ಮರೆಯುವುದಿಲ್ಲ. ದಸರೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ಇರುವ ಮನೆಯಿಂದ ಅಜ್ಜಿ ಹೊರಡುವುದಿಲ್ಲ, ಅಂಗಡಿ ಅಥವಾ ಕಾರ್ಖಾನೆ ಇರುವವರು ಆಯುಧಪೂಜೆಗೆ ಊರಿನಲ್ಲಿರಬೇಕು, ನವರಾತ್ರಿಗೆ ಮುಂಚಿನ ಪಿತೃಪಕ್ಷದಲ್ಲಿ ಪ್ರಯಾಣ ಬೇಡ ಎನ್ನುವ ಹಿರಿಯರೂ ಇದ್ದಾರೆ. ಇವೆಲ್ಲವನ್ನೂ ಕಳೆದರೆ ಕೆಲವು ವರ್ಷ ವಿಜಯದಶಮಿಯ ಮರುದಿನದಿಂದ ಶಾಲೆ ತೆರೆಯುವವರೆಗಿನ ನಾಲ್ಕೈದು ದಿನಗಳಷ್ಟೇ ಉಳಿಯುತ್ತವೆ. ಬೇಸರಪಡಬೇಕಾಗಿಲ್ಲ, ಸಿಂಗಪುರಕ್ಕೆ ಅಷ್ಟು ದಿನ ಸಾಕು.

ಎರಡನೆಯ ಹೆಜ್ಜೆ: ಆ ದಿನಗಳಲ್ಲಿ ಎಲ್ಲೆಲ್ಲಿ ಮಳೆ ಎಂದು ನೋಡಿ

ಈ ಹೆಜ್ಜೆಗೇ ಹೆಚ್ಚು ಸಮಯ ಕೊಡಬೇಕು. ನಮ್ಮ ಮಳೆಗಾಲದ ಲೆಕ್ಕವನ್ನೇ ಬೇರೆ ದೇಶಗಳಿಗೂ ಹಚ್ಚುವುದು ಸಾಮಾನ್ಯ ತಪ್ಪು. ಒಂದೇ ದೇಶದ ಎರಡು ಕರಾವಳಿಗಳಿಗೆ ಎರಡು ಮಳೆಗಾಲಗಳಿರುವುದು ಆಗ್ನೇಯ ಏಷ್ಯಾದಲ್ಲಿ ಮಾಮೂಲು ಸಂಗತಿ. ಥಾಯ್ಲೆಂಡಿನ ಪಶ್ಚಿಮಕ್ಕಿರುವ ಫುಕೆಟ್ ಮತ್ತು ಕ್ರಾಬಿಗಳಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ಅತಿ ಹೆಚ್ಚು ಸುರಿಯುವ ತಿಂಗಳುಗಳು. ಸಿಮಿಲಾನ್ ದ್ವೀಪಗಳನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿಯೇ ಇಡುತ್ತಾರೆ, ಜಾಹೀರಾತುಗಳಲ್ಲಿ ತಪ್ಪದೆ ಕಾಣುವ ಮಾಯಾ ಕೊಲ್ಲಿಯನ್ನು ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಮುಚ್ಚುತ್ತಾರೆ. ಅದೇ ದೇಶದ ಪೂರ್ವಕ್ಕಿರುವ ಕೊ ಸಮುಯ್ ದ್ವೀಪಕ್ಕೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಮಳೆಯ ಸರದಿ.

ಶ್ರೀಲಂಕಾದ ಲೆಕ್ಕವೂ ಇಂಥದ್ದೇ, ಆದರೆ ನಮಗೆ ಅದು ಅನುಕೂಲಕ್ಕೇ ಬರುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮಾರುತ ಕೊಲಂಬೊ, ಬೆಂತೋಟ, ಗಾಲ್ ಕಡೆಯನ್ನು ತೋಯಿಸುವಾಗ ಪೂರ್ವದ ಟ್ರಿಂಕೋಮಲಿಯ ಸಮುದ್ರ ಶಾಂತವಾಗಿರುತ್ತದೆ. ಡಿಸೆಂಬರಿನಲ್ಲಿ ಈಶಾನ್ಯ ಮಾರುತ ಪೂರ್ವಕ್ಕೆ ಮಳೆ ತಂದಾಗ ದಕ್ಷಿಣ ಮತ್ತು ಪಶ್ಚಿಮದ ಕಡಲತೀರಗಳಲ್ಲಿ ಬಿಸಿಲಿರುತ್ತದೆ. ಹಾಗಾಗಿ ಬೇಸಿಗೆ ರಜೆಗೆ ಕ್ಯಾಂಡಿಯ ಜೊತೆ ಟ್ರಿಂಕೋಮಲಿ, ಕ್ರಿಸ್‌ಮಸ್ ರಜೆಗೆ ಕ್ಯಾಂಡಿಯ ಜೊತೆ ಗಾಲ್ ಎಂದು ಬದಲಿಸಿಕೊಂಡರೆ ಎರಡೂ ಕಾಲಕ್ಕೆ ಆ ದ್ವೀಪ ಒದಗುತ್ತದೆ. ಅಕ್ಟೋಬರ್ ಮತ್ತು ನವೆಂಬರ್ ಮಾತ್ರ ಎರಡೂ ಕಡೆ ಗುಡುಗು ಮಳೆಯ ತಿಂಗಳುಗಳು.

ಬೇಸಿಗೆ ರಜೆಯವರಿಗೆ ನನ್ನ ಮೊದಲ ಸಲಹೆ ಬಾಲಿ. ಅಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಮಳೆ, ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಒಣ ಹವೆ; ಜುಲೈ ಮತ್ತು ಆಗಸ್ಟಿನಲ್ಲಿ ಜಗತ್ತಿನ ಪ್ರವಾಸಿಗರೆಲ್ಲ ಅಲ್ಲಿ ನೆರೆಯುವ ಮುನ್ನ, ಗದ್ದೆಗಳು ಇನ್ನೂ ಹಸಿರಾಗಿರುವ ಏಪ್ರಿಲ್ ಕೊನೆ ಮತ್ತು ಮೇ ತಿಂಗಳು ನಮ್ಮ ರಜೆಗೆ ಹೇಳಿ ಮಾಡಿಸಿದಂತಿವೆ. ಎರಡನೆಯದು ವಿಯೆಟ್ನಾಮಿನ ಮಧ್ಯಭಾಗದ ದಾ ನಾಂಗ್ ಮತ್ತು ಹೋಯ್ ಆನ್. ಫೆಬ್ರವರಿಯಿಂದ ಆಗಸ್ಟ್‌ವರೆಗೆ ಅಲ್ಲಿ ಮಳೆ ಕಡಿಮೆ, ಆದರೆ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಹೋಯ್ ಆನ್‌ನ ಹಳೆಯ ಬೀದಿಗಳಿಗೆ ನದಿಯ ನೀರು ನುಗ್ಗುವುದುಂಟು. ಆದ್ದರಿಂದ ದಸರೆಗೆ ಈ ಹೆಸರನ್ನು ಹೊಡೆದುಹಾಕಿ. ದಕ್ಷಿಣ ಗೋಳಾರ್ಧದ ಮಾರಿಷಸ್‌ಗೆ ಮೇ ತಿಂಗಳಿಂದ ತಂಪಿನ ಕಾಲ, ಜನವರಿಯಿಂದ ಮಾರ್ಚ್‌ವರೆಗೆ ಚಂಡಮಾರುತದ ಭಯ.

ದಸರೆಯ ಅವಧಿಗೆ ಬಾಲಿ ಮತ್ತು ಮಾರಿಷಸ್ ಉಳಿಯುತ್ತವೆ, ನೇಪಾಳ ಸೇರಿಕೊಳ್ಳುತ್ತದೆ. ಅಕ್ಟೋಬರಿನಲ್ಲಿ ಆಕಾಶ ತಿಳಿಯಾಗಿ ಹಿಮಾಲಯ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ನವರಾತ್ರಿಯೇ ಅವರ ದಶೈಂ ಆದ್ದರಿಂದ ಆ ದಿನಗಳಲ್ಲಿ ಕಠ್ಮಂಡುವಿನ ಅಂಗಡಿ ಮತ್ತು ಕಚೇರಿಗಳು ಬಾಗಿಲು ಹಾಕಿಕೊಂಡು ಊರಿಗೆ ಹೋಗಿರುತ್ತವೆ ಎಂಬುದನ್ನು ಮಾತ್ರ ನೆನಪಿಡಬೇಕು. ಕ್ರಿಸ್‌ಮಸ್ ರಜೆಗೆ ದುಬೈ, ಶ್ರೀಲಂಕಾದ ದಕ್ಷಿಣ ತೀರ, ಮಲೇಷ್ಯಾದ ಲಂಕಾವಿ, ನಮಗೆ ಕೈಕೊಟ್ಟ ಅದೇ ಫುಕೆಟ್, ಎಲ್ಲವೂ ಹವೆಯ ದೃಷ್ಟಿಯಿಂದ ಅತ್ಯುತ್ತಮ. ಆದರೆ ಅದೇ ವಾರ ಯುರೋಪಿನವರಿಗೂ ರಜೆ, ಆದ್ದರಿಂದ ಬೆಲೆಯೂ ತುದಿ ಮುಟ್ಟಿರುತ್ತದೆ. ಮೇ ತಿಂಗಳಲ್ಲಿ ದುಬೈ ಪ್ಯಾಕೇಜ್ ಅಗ್ಗವಾಗಿ ಕಂಡರೆ ಅದಕ್ಕೆ ಕಾರಣ ನಲವತ್ತು ಡಿಗ್ರಿಯ ಆಸುಪಾಸಿನ ಬಿಸಿಲು. ಬೆಂಗಳೂರಿನ ಬಿಸಿಲಿಗೇ ಗೊಣಗುವ ನಮ್ಮಂಥವರು ಅಲ್ಲಿ ಮಾಲ್‌ನಿಂದ ಮಾಲ್‌ಗೆ ಓಡಾಡುವುದರಲ್ಲೇ ಪ್ರವಾಸ ಮುಗಿಸುತ್ತೇವೆ.

ಸಿಂಗಪುರಕ್ಕೆ ಮಾತ್ರ ತಿಂಗಳ ಹಂಗು ಕಡಿಮೆ. ಸಮಭಾಜಕ ವೃತ್ತದ ಬಳಿಯ ಊರಾದ್ದರಿಂದ ವರ್ಷವಿಡೀ ಸೆಕೆ, ವರ್ಷವಿಡೀ ಮಳೆ, ನವೆಂಬರಿನಿಂದ ಜನವರಿಯವರೆಗೆ ತುಸು ಜಾಸ್ತಿ. ಒಳಾಂಗಣದ ನೋಟಗಳು, ಮೆಟ್ರೊ, ನೆರಳಿನ ಕಾಲುದಾರಿಗಳು ಹೇರಳವಾಗಿರುವುದರಿಂದ ಮಳೆ ಬಂದರೂ ದಿನ ಕೆಡುವುದಿಲ್ಲ. ರಜೆಯ ದಿನಾಂಕವನ್ನು ಬದಲಿಸಲಾಗದ, ಹವೆಯ ವಿಷಯದಲ್ಲಿ ಅದೃಷ್ಟ ಪರೀಕ್ಷೆಗೆ ಇಳಿಯಲು ಮನಸ್ಸಿಲ್ಲದ ಮನೆಯವರು ಹೆಚ್ಚು ಯೋಚಿಸದೆ ಅಲ್ಲಿಗೆ ಹೋಗಬಹುದು.

ಹವೆಯ ಜೊತೆಗೇ ಅಲ್ಲಿಯವರ ಹಬ್ಬಗಳನ್ನೂ ಒಮ್ಮೆ ನೋಡಿಬಿಡಿ. ಏಪ್ರಿಲ್ 13ರಿಂದ 15ರವರೆಗೆ ಥಾಯ್ಲೆಂಡಿನಲ್ಲಿ ಸೊಂಗ್ಕ್ರಾನ್: ರಸ್ತೆಯಲ್ಲಿ ಹೋಗುವವರ ಮೇಲೆಲ್ಲ ನೀರೆರಚುವ ಹಬ್ಬ, ಮಕ್ಕಳಿಗೆ ಸ್ವರ್ಗ, ಪಾಸ್‌ಪೋರ್ಟ್ ಹಿಡಿದು ಓಡಾಡುವ ತಂದೆಗೆ ಸಂಕಟ. ಅದೇ ಹೊತ್ತಿಗೆ ಶ್ರೀಲಂಕಾದಲ್ಲಿ ಹೊಸವರ್ಷ, ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ಏಪ್ರಿಲ್ 30 ಮತ್ತು ಮೇ 1 ವಿಯೆಟ್ನಾಮಿನ ರಾಷ್ಟ್ರೀಯ ರಜೆಗಳು, ಆಗ ದಾ ನಾಂಗ್‌ನ ಕಡಲತೀರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಕ್ಟೋಬರ್ ಮೊದಲ ವಾರ ಚೀನಾದವರಿಗೆ ದೀರ್ಘ ರಜೆ, ಆಗ್ನೇಯ ಏಷ್ಯಾದ ನೋಟದ ಜಾಗಗಳಲ್ಲೆಲ್ಲ ಸಾಲು ಉದ್ದವಾಗುತ್ತದೆ.

ಮೂರನೆಯ ಹೆಜ್ಜೆ: ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು?

ಹವೆಯ ಜರಡಿಯಲ್ಲಿ ಉಳಿದ ಹೆಸರುಗಳನ್ನು ಈಗ ಅಜ್ಜಿಯ ಮಂಡಿಯ ಮುಂದೆ ಮತ್ತು ಚಿಕ್ಕ ಮಗುವಿನ ನಿದ್ದೆಯ ಮುಂದೆ ಇಡಬೇಕು. ಬೆಂಗಳೂರಿನಿಂದ ನೇರ ವಿಮಾನವಾದರೆ ಕೊಲಂಬೊ ಸುಮಾರು ಒಂದೂವರೆ ಗಂಟೆ, ಬ್ಯಾಂಕಾಕ್ ಮೂರೂವರೆಯಿಂದ ನಾಲ್ಕು, ಕೌಲಾಲಂಪುರ ಮತ್ತು ದುಬೈ ನಾಲ್ಕು, ಸಿಂಗಪುರ ನಾಲ್ಕೂವರೆ, ಬಾಲಿ ಆರೂವರೆಯಿಂದ ಏಳು ಗಂಟೆಯ ದಾರಿ. ಮೊದಲ ಪ್ರವಾಸಕ್ಕೆ ನಾನು ಹಾಕಿಕೊಂಡ ಮಿತಿ ಏಳು ಗಂಟೆ ಮತ್ತು ಒಂದೇ ವಿಮಾನ. ಮೂರು ಸಾವಿರ ರೂಪಾಯಿ ಉಳಿಯುತ್ತದೆಂದು ನಡುರಾತ್ರಿ ಇನ್ನೊಂದು ದೇಶದ ನಿಲ್ದಾಣದಲ್ಲಿ ಐದು ಗಂಟೆ ಕಾಯುವ ಟಿಕೆಟ್ ಕೊಳ್ಳುವುದು, ಮಕ್ಕಳಿರುವವರಿಗೆ ಸುಖವಲ್ಲ. ಗಡಿಯಾರದ ವ್ಯತ್ಯಾಸವೂ ಈ ದೇಶಗಳಲ್ಲಿ ಕಡಿಮೆ: ಶ್ರೀಲಂಕಾದಲ್ಲಿ ನಮ್ಮದೇ ಸಮಯ, ಥಾಯ್ಲೆಂಡ್ ಮತ್ತು ವಿಯೆಟ್ನಾಂ ಒಂದೂವರೆ ಗಂಟೆ ಮುಂದೆ, ಸಿಂಗಪುರ ಮತ್ತು ಬಾಲಿ ಎರಡೂವರೆ ಗಂಟೆ ಮುಂದೆ, ದುಬೈ ಒಂದೂವರೆ ಗಂಟೆ ಹಿಂದೆ.

ವಿಮಾನ ಹೊರಡುವ ಹೊತ್ತನ್ನು ಅನೇಕರು ಗಮನಿಸುವುದೇ ಇಲ್ಲ. ದೇವನಹಳ್ಳಿಯಿಂದ ಪೂರ್ವಕ್ಕೆ ಹೋಗುವ ಬಹಳಷ್ಟು ವಿಮಾನಗಳು ರಾತ್ರಿ ಹನ್ನೊಂದರಿಂದ ಎರಡರ ನಡುವೆ ಹೊರಟು ಬೆಳಗಿನ ಜಾವ ಇಳಿಸುತ್ತವೆ. ಹೋಟೆಲಿನವರು ರೂಮು ಕೊಡುವುದು ಮಧ್ಯಾಹ್ನ ಎರಡಕ್ಕೋ ಮೂರಕ್ಕೋ. ನಡುವಿನ ಎಂಟು ಗಂಟೆಗಳ ಕಾಲ ಅರೆನಿದ್ದೆಯ ಮಕ್ಕಳು, ಮಾತ್ರೆಯ ಹೊತ್ತು ಮೀರಿದ ಹಿರಿಯರು ಮತ್ತು ಆರು ಲಗೇಜುಗಳ ಜೊತೆ ಲಾಬಿಯಲ್ಲಿ ಕೂರಬೇಕಾಗುತ್ತದೆ. ಹಗಲಿನ ವಿಮಾನ ಸಿಕ್ಕರೆ ತುಸು ದುಬಾರಿಯಾದರೂ ತೆಗೆದುಕೊಳ್ಳಿ. ಸಿಗದಿದ್ದರೆ ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕೊಟ್ಟು ರೂಮು ಹಿಡಿಯುವುದು ದುಂದಲ್ಲ.

ನೋಡುವ ಜಾಗಗಳನ್ನೂ ಮೆಟ್ಟಿಲಿನ ಲೆಕ್ಕದಲ್ಲಿ ಅಳೆಯಿರಿ. ಶ್ರೀಲಂಕಾದ ಸಿಗಿರಿಯಾ ಬಂಡೆಗೆ ಸುಮಾರು 1,200 ಮೆಟ್ಟಿಲು. ಭೂತಾನಿನ ತಕ್ತ್‌ಸಾಂಗ್ ಮಠ 3,100 ಮೀಟರಿಗೂ ಎತ್ತರದಲ್ಲಿದೆ, ಕೊನೆಯ ಭಾಗವನ್ನಂತೂ ಕಾಲ್ನಡಿಗೆಯಲ್ಲೇ ಏರಬೇಕು. ಇವಕ್ಕಾಗಿಯೇ ಹೊರಟರೆ ಹಿರಿಯರು ಕೆಳಗೆ ಬೆಂಚಿನ ಮೇಲೆ ಕೂತು ಚೀಲ ಕಾಯುವ ಕೆಲಸಕ್ಕೆ ಬಂದಂತಾಗುತ್ತದೆ. ಶ್ರೀಲಂಕಾದಲ್ಲಿ ದೂರಗಳೂ ಮೋಸಮಾಡುತ್ತವೆ: ಕೊಲಂಬೊದಿಂದ ಕ್ಯಾಂಡಿ 115 ಕಿಲೋಮೀಟರ್ ಆಸುಪಾಸು, ಆದರೆ ಮೂರು ಗಂಟೆಗೂ ಮೀರಿದ ದಾರಿ.

ಊಟದ ವಿಷಯಕ್ಕೆ ಬಂದರೆ, ಸಸ್ಯಾಹಾರಿ ಮನೆಯವರು ಸಿಂಗಪುರದ ಸೆರಂಗೂನ್ ರಸ್ತೆಯ ಬಳಿ ಅಥವಾ ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್ ಬಡಾವಣೆಯಲ್ಲಿ ರೂಮು ಹಿಡಿದರೆ ಬೆಳಗ್ಗೆ ಇಡ್ಲಿ, ರಾತ್ರಿ ಮೊಸರನ್ನ ಎರಡಕ್ಕೂ ಕೊರತೆಯಿಲ್ಲ. ಥಾಯ್ ಅಡುಗೆಯಲ್ಲಿ ತರಕಾರಿಯ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ‘ಜೇ’ ಎಂದು ಹೇಳಿದರೆ ಮೀನು, ಮಾಂಸ, ಮೊಟ್ಟೆಯ ಜೊತೆ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ವಿಯೆಟ್ನಾಮಿನಲ್ಲಿ ಸಸ್ಯಾಹಾರಕ್ಕೆ ‘ಚಾಯ್’ ಎನ್ನುತ್ತಾರೆ. ಶ್ರೀಲಂಕಾದ ಇಡಿಯಾಪ್ಪ ನಮ್ಮ ಶಾವಿಗೆಯ ತಂಗಿಯಂತಿದ್ದು ಬಾಯಿಗೆ ಹೊಸದೆನಿಸುವುದಿಲ್ಲ. ಪಕ್ಕದಲ್ಲಿ ಬಡಿಸುವ ಕೆಂಪು ತೆಂಗಿನ ಸಂಬೋಲವನ್ನು ಕಾಯಿಚಟ್ನಿ ಎಂದುಕೊಂಡು ಬಾಯಿಗಿಡುವ ಮೊದಲು ಮಾತ್ರ ಒಣಮೀನಿನ ಚೂರು ಹಾಕಿದ್ದಾರೆಯೇ ಎಂದು ಕೇಳಿ, ಬಹಳ ಸಲ ಹಾಕಿರುತ್ತಾರೆ. ಮನೆಯಿಂದ ಪುಡಿಗಳನ್ನು ಒಯ್ಯುವವರಿಗೆ ಒಂದು ಎಚ್ಚರಿಕೆ: ದುಬೈ ಇರುವ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಗಸಗಸೆ ನಿಷಿದ್ಧ. ಅಮ್ಮನ ಸಾಗುಪುಡಿಯಲ್ಲಿ ಅದು ಇದೆಯೇ ಎಂದು ಅಮ್ಮನನ್ನೇ ಕೇಳಬೇಕು.

ನಾಲ್ಕನೆಯ ಹೆಜ್ಜೆ: ಕಾಗದಪತ್ರ

ಏಪ್ರಿಲಿನಲ್ಲಿ ಹೊರಡಬೇಕಾದರೆ ಪಾಸ್‌ಪೋರ್ಟಿನ ಕೆಲಸ ನವೆಂಬರಿಗೇ ಶುರುವಾಗಬೇಕು. 36 ಪುಟಗಳ ಪಾಸ್‌ಪೋರ್ಟಿಗೆ ದೊಡ್ಡವರಿಗೆ 1,500 ರೂಪಾಯಿ, ಮಕ್ಕಳಿಗೆ 1,000 ರೂಪಾಯಿ; ತತ್ಕಾಲ್ ಆದರೆ ಇನ್ನೂ 2,000 ರೂಪಾಯಿ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳಿಗೆ ಜನನ ದಾಖಲೆಯಾಗಿ ಜನನ ಪ್ರಮಾಣಪತ್ರವೊಂದನ್ನೇ ಒಪ್ಪುತ್ತಾರೆ. ಚಿಕ್ಕ ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷವಾದ್ದರಿಂದ, ಹಿಂದೆಂದೋ ಮಾಡಿಸಿಟ್ಟಿದ್ದರೆ ಕೊನೆಯ ದಿನಾಂಕವನ್ನು ತೆರೆದು ನೋಡಿ. ಬಹುತೇಕ ದೇಶಗಳು ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ.

ನಮ್ಮ ಕಡೆಯ ಹೆಸರುಗಳದ್ದೇ ಒಂದು ಪ್ರತ್ಯೇಕ ಪುರಾಣ. ಇನಿಷಿಯಲ್ಲುಗಳನ್ನು ಬಿಡಿಸಿ ಬರೆಯಬೇಕಾದಾಗ ಊರಿನ ಹೆಸರು ಉಪನಾಮದ ಜಾಗಕ್ಕೆ ಬಂದು ಕೂರುತ್ತದೆ, ವಿಮಾನದ ಸಿಬ್ಬಂದಿ ನಿಮ್ಮ ಮಾವನವರನ್ನು ‘ಮಿಸ್ಟರ್ ಬೇಲೂರು’ ಎಂದು ಕರೆಯುತ್ತಾರೆ. ಅದು ತಮಾಷೆ ಅಷ್ಟೇ. ಉಪನಾಮದ ಜಾಗ ಖಾಲಿಯಿದ್ದು ಒಂದೇ ಹೆಸರಿರುವುದು ಮಾತ್ರ ನಿಜವಾದ ತೊಡಕು. 2022ರ ನವೆಂಬರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ಪ್ರವೇಶವಿಲ್ಲ ಎಂದು ನಿಯಮ ತಂದು, ಬಳಿಕ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆದೀತು ಎಂದು ಸಡಿಲಿಸಿತು. ನಿಮ್ಮ ಮನೆಯಲ್ಲಿ ಅಂಥ ಪಾಸ್‌ಪೋರ್ಟ್ ಇದ್ದರೆ ದುಬೈಯನ್ನು ಆರಿಸುವ ಮುನ್ನವೇ ಇದನ್ನು ವಿಚಾರಿಸಿ. ಟಿಕೆಟ್ಟಿನಲ್ಲಿ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು, ಆಧಾರ್‌ನಲ್ಲಿರುವಂತೆ ಅಲ್ಲ.

ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ, ವರ್ಷದ ಹಿಂದೆ ಹೋಗಿಬಂದವರ ಮಾತನ್ನು ನಂಬದೆ ಆಯಾ ದೇಶದ ಸರ್ಕಾರಿ ಜಾಲತಾಣವನ್ನೇ ನೋಡಬೇಕು. ಸ್ಥೂಲವಾಗಿ ಹೇಳುವುದಾದರೆ ಮಾರಿಷಸ್‌ಗೆ ಮುಂಚಿತ ವೀಸಾ ಬೇಕಿಲ್ಲ, ವಿಯೆಟ್ನಾಮಿಗೆ ಆನ್‌ಲೈನ್ ವೀಸಾ, ಬಾಲಿಗೆ ಇಳಿದ ಮೇಲೆ ವೀಸಾ, ಸಿಂಗಪುರಕ್ಕೆ ಅಧಿಕೃತ ಏಜೆಂಟರ ಮೂಲಕ ವೀಸಾ. ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್‌ಗಳಿಗೆ ಇಳಿಯುವುದಕ್ಕೆ ಮುಂಚಿನ ಮೂರು ದಿನಗಳೊಳಗೆ ತುಂಬಬೇಕಾದ ಆಗಮನ ಪತ್ರವೂ ಇದೆ. ಅದು ಪೂರ್ತಿ ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ. ಪಾಸ್‌ಪೋರ್ಟ್ ಕೈಗೆ ಬಾರದೆಯೇ ರಜೆ ಹತ್ತಿರ ಬಂದವರಿಗೆ ನೇಪಾಳ ಮತ್ತು ಭೂತಾನ್ ಇವೆ. ದೊಡ್ಡವರಿಗೆ ಮತದಾರರ ಗುರುತಿನ ಚೀಟಿಯ ಮೂಲಪ್ರತಿ ಸಾಕು, ಮಕ್ಕಳಿಗೆ ಬೇಕಾದ ದಾಖಲೆಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಐದನೆಯ ಹೆಜ್ಜೆ: ತಲೆಗೆ ಎಷ್ಟು?

ಹೊರಡುವವರ ಸಂಖ್ಯೆಯಿಂದ ಗುಣಿಸುವ ಖರ್ಚುಗಳನ್ನು ಮೊದಲು ಬರೆಯಿರಿ, ಏಕೆಂದರೆ ದೊಡ್ಡ ಕುಟುಂಬದ ಲೆಕ್ಕ ಅಲ್ಲೇ ತಪ್ಪುವುದು. ಭೂತಾನಿನ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನೇ ನೋಡಿ: ಭಾರತೀಯರಿಗೆ ತಲಾ ಒಂದು ರಾತ್ರಿಗೆ 1,200 ರೂಪಾಯಿ, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ. ಗಂಡ, ಹೆಂಡತಿ, ಅತ್ತೆ, ಮಾವ ಮತ್ತು ಎಂಟು ವರ್ಷದ ಮಗು ಐದು ರಾತ್ರಿ ಉಳಿದರೆ, ಊಟ ಮತ್ತು ರೂಮಿಗೂ ಮೊದಲೇ 27,000 ರೂಪಾಯಿ ಆಗುತ್ತದೆ. ಬಾಲಿಯ ವೀಸಾ ತಲಾ ಐದು ಲಕ್ಷ ಇಂಡೊನೇಷ್ಯಾ ರೂಪಯ್ಯ, ವಿಯೆಟ್ನಾಮಿನದು 25 ಡಾಲರ್. ಇವನ್ನೂ ಐದರಿಂದ ಗುಣಿಸಿ. ಎರಡು ವರ್ಷ ತುಂಬದ ಮಗುವಿಗೆ ಮಡಿಲ ಟಿಕೆಟ್ ಅಗ್ಗ, ಆದರೆ ಪ್ರವಾಸದ ನಡುವೆ ಎರಡನೆಯ ಹುಟ್ಟುಹಬ್ಬ ಬಂದರೆ ಹಿಂದಿರುಗುವಾಗ ಪೂರ್ತಿ ಸೀಟು ಕೊಳ್ಳಬೇಕು.

ಪ್ಯಾಕೇಜ್ ಕೊಂಡಾಗ ಏಜೆಂಟರು ಬಿಲ್ಲಿನ ಮೇಲೆ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಎಂದು ಸೇರಿಸುವ ಮೊತ್ತ ಕಳೆದುಹೋಗುವ ಹಣವಲ್ಲ, ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ. ಮನೆಯಲ್ಲಿ ರಿಟರ್ನ್ಸ್ ಸಲ್ಲಿಸುವವರ ಹೆಸರಿನಲ್ಲೇ ಬಿಲ್ ಮಾಡಿಸಿ. ಮಾಮೂಲು ಕ್ರೆಡಿಟ್ ಕಾರ್ಡಿನ ವಿದೇಶಿ ವಹಿವಾಟಿನ ಶುಲ್ಕವನ್ನು ಬ್ಯಾಂಕಿನಲ್ಲಿ ಕೇಳಿ, ವಿದೇಶಿ ಹಣವನ್ನು ಮೊದಲೇ ತುಂಬಿಸಿಟ್ಟುಕೊಳ್ಳುವ ಫಾರೆಕ್ಸ್ ಕಾರ್ಡಿನೊಡನೆ ಹೋಲಿಸಿಕೊಳ್ಳಿ.

ಕೊನೆಯ ಹೆಜ್ಜೆ: ಯಾವುದರ ಹಿಂದೆ ಯಾವುದು

ಆಫೀಸಿನ ರಜೆ ಬರಹದಲ್ಲಿ ಮಂಜೂರಾದ ಮೇಲೆ ವಿಮಾನದ ಟಿಕೆಟ್, ಅದರ ಬೆನ್ನಿಗೇ ರದ್ದು ಮಾಡಿದರೆ ಹಣ ಹಿಂದಿರುಗುವ ರೂಮು, ಆಮೇಲೆ ವೀಸಾ, ವಿಮೆ. ನೋಟದ ಜಾಗಗಳ ಟಿಕೆಟ್ಟನ್ನು ಕೊನೆಗೆ ಕೊಂಡರೆ ಸಾಕು. ವೀಸಾ ಮೊದಲೇ ಬೇಕಾದ ದೇಶವಾದರೆ ವಿಮಾನದ ಟಿಕೆಟ್ಟೂ ಬದಲಿಸಬಹುದಾದ ಬಗೆಯದಾಗಿರಲಿ. ವಿಮೆಯ ಅರ್ಜಿಯಲ್ಲಿ ಹಿರಿಯರ ಸಕ್ಕರೆ ಕಾಯಿಲೆ, ಬಿಪಿಗಳನ್ನು ಮುಚ್ಚಿಡದೆ ಬರೆಯಿರಿ, ಮೊದಲೇ ಇದ್ದ ಕಾಯಿಲೆಗೂ ಅನ್ವಯಿಸುವ ಪಾಲಿಸಿಯನ್ನೇ ಕೇಳಿ ತೆಗೆದುಕೊಳ್ಳಿ, ಕಂತು ಹೆಚ್ಚಾದರೂ ಸರಿ.

ಹಿಂದಿರುಗುವ ದಿನವನ್ನು ಶಾಲೆ ತೆರೆಯುವ ಹಿಂದಿನ ದಿನಕ್ಕೆ ಎಂದೂ ಇಡಬೇಡಿ. ರಾತ್ರಿ ಹನ್ನೊಂದಕ್ಕೆ ಇಳಿಯುವ ವಿಮಾನದಿಂದ ಇಮಿಗ್ರೇಶನ್ ದಾಟಿ, ಬೆಲ್ಟಿನ ಮೇಲೆ ಆರನೆಯ ಲಗೇಜು ಬರುವವರೆಗೆ ಕಾದು, ದೇವನಹಳ್ಳಿಯಿಂದ ಜಯನಗರಕ್ಕೋ ರಾಜರಾಜೇಶ್ವರಿ ನಗರಕ್ಕೋ ಟ್ಯಾಕ್ಸಿಯಲ್ಲಿ ತಲುಪುವಾಗ ಎರಡು ಗಂಟೆ ದಾಟಿರುತ್ತದೆ, ಮಕ್ಕಳನ್ನು ಹೆಗಲ ಮೇಲೆ ಹೊತ್ತೇ ಮೆಟ್ಟಿಲು ಹತ್ತಬೇಕಾಗುತ್ತದೆ. ಶುಕ್ರವಾರ ರಾತ್ರಿ ಅಥವಾ ಶನಿವಾರ ಹಗಲು ಬಂದಿಳಿಯುವಂತೆ ಟಿಕೆಟ್ ಮಾಡಿಸಿದರೆ ಬಟ್ಟೆ ಒಗೆಯಲು, ಹಾಲು ಮೊಸರು ತರಲು, ಸಮವಸ್ತ್ರ ಇಸ್ತ್ರಿ ಮಾಡಿಸಲು ಒಂದು ಪೂರ್ತಿ ಭಾನುವಾರ ಕೈಯಲ್ಲಿರುತ್ತದೆ.